ಸುಗ್ಗಿ ಮುಗಿಯುವ ತನಕ ಗಂಟು ಕಾಯದು

‘ನೋವೇ ಇಲ್ಲಲ್ಲ, ಸುಗ್ಗಿ ಮುಗದ ಮ್ಯಾಲೆ ತೋರಿಸಿದ್ರಾತು.’ ದೇವದುರ್ಗದ ಹತ್ತಿ ಹೊಲದಲ್ಲೂ ಮಾನ್ವಿಯ ಭತ್ತದ ಗದ್ದೆಯಲ್ಲೂ ಈ ಮಾತು ಹೊಸದಲ್ಲ. ಆದರೆ ಸ್ತನದ ಗಂಟಾಗಲಿ, ಗುಟ್ಕಾ ಒತ್ತಿಡುವ ಕೆನ್ನೆಯೊಳಗಿನ ಬಿಳಿ ಕಲೆಯಾಗಲಿ ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನೋವು ಶುರುವಾಗುವಷ್ಟರಲ್ಲಿ ರೋಗ ಬೇರು ಬಿಟ್ಟಿರುತ್ತದೆ.

ತಡವಾದರೆ ಆಯುಷ್ಯ ಕಡಿಮೆ, ಅಷ್ಟೇ ಎಂದುಕೊಳ್ಳುವವರೂ ಇದ್ದಾರೆ. ಆಯುಷ್ಯದ ಲೆಕ್ಕವೂ ಸಣ್ಣದಲ್ಲ: ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು 2020ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯ ವಿಶ್ಲೇಷಣೆ ತೋರಿಸಿತು. ಬದುಕುಳಿದವರು ತೆರುವ ಬೆಲೆಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ನಾಲಗೆಯ ಸಣ್ಣ ಹುಣ್ಣನ್ನು ಬೇಗ ತೆಗೆದರೆ ಮಾತು, ಊಟ ಬಹುಪಾಲು ಉಳಿಯುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ನಾಲಗೆಯ ಬಹುಭಾಗ, ಒಮ್ಮೊಮ್ಮೆ ದವಡೆಯೂ ಹೋಗುತ್ತದೆ. ಮೇಲೆ ರೇಡಿಯೇಷನ್, ಕಿಮೊ. ಆಮೇಲೆ ಜೊಲ್ಲು ಒಣಗುತ್ತದೆ, ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದು. ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟರೆ ನುಂಗಲಾಗದು. ಮನೆಯವರೆಲ್ಲ ಉಣ್ಣುವಾಗ ಒಬ್ಬರು ಗಂಜಿ ಹಿಡಿದು ಪಕ್ಕಕ್ಕೆ ಕೂರಬೇಕು. ಸ್ತನದ ಗಂಟೂ ಹಾಗೆಯೇ: ಬೇಗ ಬಂದವರಲ್ಲಿ ಹಲವರು ಸ್ತನ ಉಳಿಸಿಕೊಳ್ಳಬಹುದು.

ಬಯಾಪ್ಸಿಗೆ ಹೆದರುವುದು ಇನ್ನೊಂದು ತಪ್ಪು. ‘ಗಂಟಿಗೆ ಸೂಜಿ ಚುಚ್ಚಿದ್ರ ಹಬ್ಬತದ’ ಅಂತಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವುದು ತೀರಾ ಅಪರೂಪ, ಅದಿಲ್ಲದೆ ಚಿಕಿತ್ಸೆ ಹೂಡುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಚಿಕಿತ್ಸೆ ಶುರುವಾಯಿತಲ್ಲ, ನಡುವೆ ವಾರ ಊರಿಗೆ ಹೋಗಿ ಬಂದರೇನು ಎನ್ನುವವರನ್ನು ಗಟ್ಟಿಯಾಗಿ ತಡೆಯಬೇಕು. ಬಾಯಿ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಆರೇಳು ವಾರ. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ವೇಗವಾಗಿ ಬೆಳೆಯುತ್ತವೆ. ಒಂದೊಂದು ದಿನ ತಪ್ಪಿದರೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಜಾತ್ರೆಗೆ ಬಂದು ಹೋಗುವ ಒಂದು ವಾರ ಅಗ್ಗವಲ್ಲ.

‘ರೊಕ್ಕ ಎಲ್ಲದಾವ್ರಿ?’ ಈ ಪ್ರಶ್ನೆಯನ್ನು ತಪ್ಪು ಕಲ್ಪನೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ ನಿಜ. ಕೂಲಿ ತಪ್ಪಿದ್ದನ್ನು ಅದು ಕಟ್ಟಿಕೊಡುವುದಿಲ್ಲ. ರೋಗಿ ಹೆಂಗಸಾದರೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ರಾಯಚೂರಿನಿಂದ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ, ವೈದ್ಯರ ಪ್ರಮಾಣಪತ್ರ ತೋರಿಸಿದವರಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರರಿಗೆ ಶೇ 75 ರಿಯಾಯಿತಿ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸುವುದು ಜಾಣತನ.

ಕೊನೆಯ ಹಂತವಾದರೆ ಮನೆಗೆ ಕರೆದೊಯ್ಯುವುದೊಂದೇ ದಾರಿ ಎಂಬುದೂ ಸುಳ್ಳು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಹಲವರಲ್ಲಿ ಒಂದೇ ಸಲದ ರೇಡಿಯೇಷನ್‌ಗೆ ತಗ್ಗುತ್ತದೆ. ಕ್ಯಾನ್ಸರ್ ನೋವಿಗೆ ವೈದ್ಯರ ಲೆಕ್ಕದಂತೆ ಮಾರ್ಫಿನ್ ನುಂಗಿದರೆ ಚಟ ಹತ್ತುವುದು ಅಪರೂಪ. ರಾತ್ರಿಯಿಡೀ ಕೂತೇ ಇರುವ ರೋಗಿ ಅದರಿಂದ ಮಲಗಬಲ್ಲರು.