ಜೇನುತುಪ್ಪ: ಜಮೆ ಎಷ್ಟು, ಖರ್ಚು ಎಷ್ಟು?



ನಮ್ಮ ಮನೆಯಲ್ಲಿ ಜೇನುತುಪ್ಪಕ್ಕೆ ‘ಶಹದ್’ ಎನ್ನುತ್ತೇವೆ. ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಒಂದು ಹಳೆಯ ಗಾಜಿನ ಬಾಟಲಿಯಲ್ಲಿ ಅದು ಸದಾ ಇರುತ್ತದೆ. ನಮ್ಮ ಖಾಲೂ ತೀರ್ಥಹಳ್ಳಿ ಕಡೆಗೆ ಹೋದಾಗಲೆಲ್ಲ ಪರಿಚಯದ ರೈತರೊಬ್ಬರ ತೋಟದಿಂದ ತುಂಬಿಸಿಕೊಂಡು ಬರುತ್ತಾರೆ. ಕೆಮ್ಮಿಗೆ ಶಹದ್, ಕೈ ಸುಟ್ಟರೆ ಶಹದ್, ಪರೀಕ್ಷೆಯ ದಿನ ಬೆಳಿಗ್ಗೆ ಒಂದು ಚಮಚ ಶಹದ್. ನಮ್ಮ ನಾನಿಗೆ ಅದರ ಮೇಲೆ ಇರುವಷ್ಟು ನಂಬಿಕೆ ಯಾವ ಮಾತ್ರೆಯ ಮೇಲೂ ಇಲ್ಲ.

ಈ ವರ್ಷ ನಮ್ಮ ಆಪಾಗೆ ಹೆಣ್ಣುಮಗು ಹುಟ್ಟಿತು. ನಾನಿ ಸಣ್ಣ ಡಬ್ಬಿಯಲ್ಲಿ ಶಹದ್ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದರು. ಹುಟ್ಟಿದ ಮಗುವಿನ ಬಾಯಿಗೆ ಮನೆಯ ಹಿರಿಯರು ಮೊದಲ ಸಿಹಿ ಮುಟ್ಟಿಸುವುದಕ್ಕೆ ನಮ್ಮಲ್ಲಿ ‘ಘುಟ್ಟಿ’ ಎನ್ನುತ್ತಾರೆ. ಹಿರಿಯರ ಒಳ್ಳೆಯ ಗುಣ ಮಗುವಿಗೆ ಬರಲಿ ಎಂಬುದು ಆಸೆ. ಡಬ್ಬಿ ನೋಡಿದ ನರ್ಸ್ ಕನ್ನಡದಲ್ಲಿ, “ಒಂದು ವರ್ಷ ತುಂಬುವವರೆಗೆ ಜೇನು ಮುಟ್ಟಿಸಲೇಬೇಡಿ” ಎಂದರು. ನಾನಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. “ಏನಂತೆ?” ಎಂದು ನನ್ನ ಮುಖ ನೋಡಿದರು. ನಾನು ಉರ್ದುವಿನಲ್ಲಿ ಹೇಳಿದೆ. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಐದು ಮಕ್ಕಳಿಗೆ ಕೊಟ್ಟಿದ್ದೇನೆ. ಹಾಗಾದರೆ ನಾನು ಅವರಿಗೆ ವಿಷ ಕೊಟ್ಟೆನಾ?” ಎಂದು ಕೇಳಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ, ಹತ್ತನೇ ತರಗತಿಯ ನಂತರ ಜೀವಶಾಸ್ತ್ರದ ಪುಸ್ತಕ ಮುಟ್ಟಿಲ್ಲ. ಆದರೆ ಲೆಕ್ಕ ಬರೆಯುವುದು ನಮಗೆ ಕಲಿಸಿದ್ದಾರೆ. ಆದ್ದರಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಜಮೆ-ಖರ್ಚಿನಂತೆ ಇಲ್ಲಿ ಬರೆಯುತ್ತಿದ್ದೇನೆ.

ಜೇನು ಹೇಗೆ ಆಗುತ್ತದೆ?

ಹೂವಿನ ಮಕರಂದ ನೀರಿನಂತೆ ತೆಳ್ಳಗಿರುತ್ತದೆ. ಕೆಲಸಗಾರ ನೊಣ ಅದನ್ನು ಹೀರಿ ತನ್ನ ಜೇನುಚೀಲದಲ್ಲಿ ತುಂಬಿಕೊಂಡು ಗೂಡಿಗೆ ತರುತ್ತದೆ. ಅಲ್ಲಿ ಒಂದರ ಬಾಯಿಂದ ಇನ್ನೊಂದರ ಬಾಯಿಗೆ ದಾಟುವಾಗ ನೊಣಗಳ ಕಿಣ್ವಗಳು ಸೇರಿ, ಮಕರಂದದ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಆಮೇಲೆ ನೊಣಗಳು ರೆಕ್ಕೆಯಿಂದ ಗಾಳಿ ಬೀಸಿ ನೀರನ್ನು ಆರಿಸುತ್ತವೆ. ನೀರಿನ ಅಂಶ ಶೇಕಡ 20ಕ್ಕಿಂತ ಕಡಿಮೆಯಾದಾಗ ಮೇಣದ ಮುಚ್ಚಳ ಹಾಕಿ ಕೋಣೆಯನ್ನು ಮುಚ್ಚುತ್ತವೆ. ಒಂದು ನೊಣ ತನ್ನ ಇಡೀ ಆಯುಷ್ಯದಲ್ಲಿ ಮಾಡುವ ಜೇನು ಒಂದು ಟೀ ಚಮಚದ ಸುಮಾರು 12ನೇ ಒಂದು ಭಾಗವಂತೆ! ನಾವು ಒಂದೇ ಸಲ ನೆಕ್ಕಿ ಮುಗಿಸುವುದು ಒಂದು ಡಜನ್ ನೊಣಗಳ ಜೀವಮಾನದ ದುಡಿಮೆ.

ನಮ್ಮ ಕರ್ನಾಟಕದಲ್ಲಿ ಎತ್ತರದ ಮರ, ಬಂಡೆಗಳಲ್ಲಿ ಗೂಡು ಕಟ್ಟುವ ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕಬಹುದಾದ ತುಡುವೆ, ಪೊದೆಯ ಕಡ್ಡಿಗೆ ಕಟ್ಟುವ ಕೋಲ್ಜೇನು, ಚುಚ್ಚದ ಮುಜಂಟಿ ಎಂಬ ಬಗೆಗಳಿವೆ. ಮಲೆನಾಡು, ಕೊಡಗಿನಲ್ಲಿ ತುಡುವೆ ಸಾಕಣೆ ಹಿಂದಿನಿಂದಲೂ ಇದೆ. ನಮ್ಮ ಬಾಟಲಿಯಲ್ಲಿರುವುದು ತುಡುವೆ ಜೇನು.

ಜಮೆಯ ಬದಿ

ಮೊದಲನೆಯದು, ಶಕ್ತಿ. 100 ಗ್ರಾಂ ಜೇನಿನಲ್ಲಿ ಸುಮಾರು 304 ಕಿಲೋಕ್ಯಾಲೊರಿ ಇದೆ. ಅದರ ಸಕ್ಕರೆಗಳು ಮೊದಲೇ ಒಡೆದಿರುವುದರಿಂದ ದೇಹಕ್ಕೆ ಬೇಗ ಸಿಗುತ್ತವೆ. ರೋಜಾ ಬಿಟ್ಟ ಮೇಲೆ ಅಥವಾ ಆಟ ಮುಗಿದ ಮೇಲೆ ಜೇನು ಬೆರೆಸಿದ ನೀರು ಕುಡಿದರೆ ಚೇತರಿಕೆ ಅನಿಸುವುದು ಇದಕ್ಕೇ.

ಎರಡನೆಯದು, ಕೆಮ್ಮು. ಇಲ್ಲಿ ನಾನಿ ಹೇಳಿದ್ದೇ ಸರಿ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ‘ನೈಸ್’ ಎಂಬ ಸಂಸ್ಥೆ 2018ರಲ್ಲಿ, ನೆಗಡಿಯ ಜೊತೆ ಬರುವ ಸಾಮಾನ್ಯ ಕೆಮ್ಮಿಗೆ ಆ್ಯಂಟಿಬಯಾಟಿಕ್‌ಗೆ ಓಡುವ ಮೊದಲು ಜೇನು ಪ್ರಯತ್ನಿಸಬಹುದು ಎಂದಿತು. ಜೇನು ಗಂಟಲಿಗೆ ತೆಳುವಾಗಿ ಅಂಟಿ ಕೆರೆತವನ್ನು ಶಮನ ಮಾಡುತ್ತದೆ. ಈ ಸಲಹೆ ಒಂದು ವರ್ಷ ದಾಟಿದವರಿಗೆ ಮಾತ್ರ.

ಮೂರನೆಯದು, ಗಾಯ. ಜೇನಿನಲ್ಲಿ ನೀರು ಕಡಿಮೆ, ಹುಳಿ ಹೆಚ್ಚು (ಪಿಎಚ್ ಸುಮಾರು 4). ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ನೀರನ್ನೇ ಅದು ಎಳೆದುಕೊಳ್ಳುತ್ತದೆ. ಜೊತೆಗೆ ನೊಣದಿಂದ ಬಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಉತ್ಪಾದಿಸುತ್ತದೆ. ಹಾಗಾಗಿ ಕೆಲವು ಆಸ್ಪತ್ರೆಗಳಲ್ಲಿ ಸುಟ್ಟ ಗಾಯಕ್ಕೆ ಜೇನಿನ ಪಟ್ಟಿ ಬಳಸುತ್ತಾರೆ. ಆದರೆ ಅದು ಶುದ್ಧೀಕರಿಸಿದ ವೈದ್ಯಕೀಯ ಜೇನು. ಮನೆಯ ಬಾಟಲಿಯದ್ದನ್ನು ಆಳವಾದ ಗಾಯಕ್ಕೆ ಸುರಿಯಬಾರದು. ಕೈ ಸುಟ್ಟರೆ ಮೊದಲು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು.

ನಾಲ್ಕನೆಯದು, ಹೂವಿನಿಂದ ಬರುವ ಫಿನಾಲಿಕ್, ಫ್ಲೇವನಾಯ್ಡ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳು. ಬಣ್ಣ ಗಾಢವಾದಷ್ಟೂ ಇವು ಸಾಮಾನ್ಯವಾಗಿ ಹೆಚ್ಚು. ಬಿಳಿ ಸಕ್ಕರೆಯಲ್ಲಿ ಇವು ಇಲ್ಲ.

ಖರ್ಚಿನ ಬದಿ

“ಜೇನಿನಲ್ಲಿ ಎಲ್ಲ ವಿಟಮಿನ್, ಖನಿಜಗಳೂ ಇವೆ” ಎಂದು ಬಹಳ ಕಡೆ ಬರೆದಿರುತ್ತಾರೆ. ಎಲ್ಲವೂ ಇಲ್ಲ, ಕೆಲವು ಇವೆ, ಆದರೆ ಪ್ರಮಾಣ ಕೇಳಬೇಕು. 100 ಗ್ರಾಂ ಜೇನಿನಲ್ಲಿ ಕಬ್ಬಿಣಾಂಶ ಸುಮಾರು 0.4 ಮಿಲಿಗ್ರಾಂ. ನಮ್ಮ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಬೇಕು. ಅಂದರೆ ಜೇನಿನಿಂದಲೇ ಪಡೆಯಲು ದಿನಕ್ಕೆ ಏಳು ಕಿಲೋಗೂ ಹೆಚ್ಚು ತಿನ್ನಬೇಕು! ರಾಗಿ, ಸೊಪ್ಪು, ಕಾಳು, ಮಾಂಸ ಮಾಡುವ ಕೆಲಸವನ್ನು ಜೇನು ಮಾಡುವುದಿಲ್ಲ.

ಇನ್ನು ಸಕ್ಕರೆಯ ಲೆಕ್ಕ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ, 16 ಕಿಲೋಕ್ಯಾಲೊರಿ. ಅದೇ ಚಮಚದಲ್ಲಿ ಜೇನು ಸುಮಾರು 7 ಗ್ರಾಂ, 21 ಕಿಲೋಕ್ಯಾಲೊರಿ. ಜೇನು ಭಾರವಾದದ್ದು, ಆದ್ದರಿಂದ ಚಮಚದ ಲೆಕ್ಕದಲ್ಲಿ ಜೇನಿನದೇ ಹೆಚ್ಚು. ಇದನ್ನು ನೋಡಿದಾಗ ನನಗೆ ದಿಗಿಲಾಯಿತು, ಏಕೆಂದರೆ ನಾನಿಗೆ ಎಂಟು ವರ್ಷದಿಂದ ಶುಗರ್ ಇದೆ. “ಇದು ಸಕ್ಕರೆಯಲ್ಲ, ಶಹದ್” ಎಂದು ಚಹಾಗೆ ಎರಡು ಚಮಚ ಹಾಕಿಕೊಳ್ಳುತ್ತಿದ್ದರು. ಜೇನು ಕೂಡ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಗಳ ಪಟ್ಟಿಗೇ ಸೇರಿಸಿದೆ. ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿದರೆ ತೂಕ ಇಳಿಯುತ್ತದೆ ಎನ್ನುವವರೂ ಈ 21ನ್ನು ಲೆಕ್ಕಕ್ಕೆ ಹಿಡಿಯಬೇಕು.

ಮಗುವಿಗೆ ಏಕೆ ಬೇಡ?

ಮಣ್ಣು, ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅವು ಕೆಲವೊಮ್ಮೆ ಜೇನಿನೊಳಗೂ ಸೇರುತ್ತವೆ. ಜೇನಿನಲ್ಲಿ ಅವು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಕುದಿಸಿದರೂ ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅವನ್ನು ಮೊಳೆಯಲು ಬಿಡುವುದಿಲ್ಲ. ಎಳೆಯ ಮಗುವಿನ ಕರುಳು ಅಷ್ಟು ಬಲಿತಿರುವುದಿಲ್ಲ. ಅಲ್ಲಿ ಬೀಜಕಣ ಮೊಳೆತು ವಿಷ ಉತ್ಪಾದಿಸಿದರೆ ಮಗುವಿಗೆ ಮಲಬದ್ಧತೆ, ಹಾಲು ಹೀರಲಾಗದಿರುವುದು, ಅಳು ಕ್ಷೀಣಿಸುವುದು, ಕತ್ತು ನಿಲ್ಲದಿರುವುದು ಕಾಣಿಸಿಕೊಳ್ಳುತ್ತದೆ. ಕೊನೆಗೆ ಉಸಿರಾಟಕ್ಕೇ ತೊಂದರೆಯಾಗಬಹುದು. ಈ ಕಾಯಿಲೆ ಅಪರೂಪ. ಆದರೆ ಯಾವ ಬಾಟಲಿಯಲ್ಲಿ ಬೀಜಕಣ ಇದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಶುದ್ಧ ಜೇನಿನಲ್ಲೂ ಇರಬಹುದು.

ಇದು ನಮ್ಮೊಬ್ಬರ ಮನೆಯ ವಿಷಯವಲ್ಲ. ಬಜೆಯನ್ನು ಜೇನಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಹಚ್ಚುವ ಪದ್ಧತಿ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅಸಲಿಯೋ ನಕಲಿಯೋ?

ನೀರಿಗೆ ಹಾಕಿದರೆ ಕರಗಬಾರದು, ಬತ್ತಿಗೆ ಹಚ್ಚಿದರೆ ಉರಿಯಬೇಕು, ಹೆಬ್ಬೆರಳ ಮೇಲೆ ಹರಿಯಬಾರದು ಎಂಬ ಪರೀಕ್ಷೆಗಳು ಪ್ರಸಿದ್ಧ. ಇವು ತೋರಿಸುವುದು ದಪ್ಪ ಎಷ್ಟು, ನೀರು ಎಷ್ಟು ಎಂಬುದನ್ನು ಮಾತ್ರ. ದಪ್ಪನೆಯ ಸಕ್ಕರೆ ಪಾಕವೂ ಪಾಸಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷಿಸಿ, ಹೆಚ್ಚಿನವು ಎನ್‌ಎಂಆರ್ ಎಂಬ ಸೂಕ್ಷ್ಮ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು ಪ್ರಕಟಿಸಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಪ್ರಯೋಗಾಲಯಗಳೇ ಇಷ್ಟು ಕಷ್ಟಪಡುವಾಗ ನಮ್ಮ ಹೆಬ್ಬೆರಳು ಏನು ಹೇಳೀತು?

ಜೇನು ಗಟ್ಟಿಯಾಗಿ ಹರಳುಗಟ್ಟಿದರೆ ಎಸೆಯಬೇಡಿ. ಅದು ಗ್ಲೂಕೋಸ್ ಬೇರ್ಪಟ್ಟದ್ದು, ಕಲಬೆರಕೆಯ ಗುರುತಲ್ಲ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಹೆಚ್ಚು ಕಾಯಿಸಿದರೆ ಕಿಣ್ವಗಳು ಹಾಳಾಗುತ್ತವೆ. ಅಂಗಡಿಯಲ್ಲಿ ಕೊಳ್ಳುವಾಗ, ನಮ್ಮ ಬಿಸಿನೆಸ್ ಸ್ಟಡೀಸ್‌ನ ಗ್ರಾಹಕ ರಕ್ಷಣೆ ಪಾಠದಲ್ಲಿ ಓದಿದಂತೆ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಲೈಸೆನ್ಸ್ ಸಂಖ್ಯೆ, ಅಗ್‌ಮಾರ್ಕ್ ಗುರುತು, ಪ್ಯಾಕ್ ಮಾಡಿದ ದಿನಾಂಕ ನೋಡಿ, ಬಿಲ್ ಕೇಳಿ ಪಡೆಯಿರಿ.

ಶಿಲ್ಕು

ಕುರ್‌ಆನಿನ 16ನೇ ಸೂರಾದ ಹೆಸರೇ ‘ಅನ್ನಹ್ಲ್’, ಅಂದರೆ ಜೇನುನೊಣ. ಜೇನಿನ ಶಮನಗುಣದ ಉಲ್ಲೇಖ ಅದರಲ್ಲಿದೆ. ಹಾಗಿರುವಾಗ ನಾನಿಯ ಮುಂದೆ ‘ಶಹದ್ ಬೇಡ’ ಎನ್ನುವುದು ಸುಲಭವಾಗಿರಲಿಲ್ಲ. ನಾನು ಹೀಗೆ ಹೇಳಿದೆ: “ನಾನಿ, ಶಹದ್ ಕೆಟ್ಟದ್ದಲ್ಲ, ಮಗು ಇನ್ನೂ ಚಿಕ್ಕದು. ನೀವು ವಿಷ ಕೊಡಲಿಲ್ಲ. ಮಕ್ಕಳಿಗೆ ಹೀಗಾಗುತ್ತದೆ ಎಂದು ಅಮೆರಿಕದ ಡಾಕ್ಟರುಗಳಿಗೇ ಗೊತ್ತಾದದ್ದು 1976ರಲ್ಲಿ. ಆಗ ನಿಮಗೆ ಯಾರು ಹೇಳಬೇಕಿತ್ತು? ಈಗ ನಮಗೆ ಹೇಳಿದ್ದಾರೆ.”

ನಾನಿ ಏನೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಬಿಗಿಮಾಡಿ ಚೀಲಕ್ಕೆ ಹಾಕಿಕೊಂಡರು. ಮಗುವಿನ ಹಣೆ ಮುಟ್ಟಿ ದುಆ ಮಾಡಿದರು. ಮನೆಗೆ ಬಂದ ಮೇಲೆ ಕ್ಯಾಲೆಂಡರ್ ತರಿಸಿ, “ಒಂದು ವರ್ಷ ಯಾವತ್ತಿಗೆ ತುಂಬುತ್ತದೆ, ಗುರುತು ಹಾಕು” ಎಂದರು. ಈ ವರ್ಷದ ಕ್ಯಾಲೆಂಡರ್‌ನಲ್ಲಿ ಆ ದಿನ ಇರಲಿಲ್ಲ. ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.

ಚಹಾದ ಜೇನು ಮಾತ್ರ ಪೂರ್ತಿ ನಿಂತಿಲ್ಲ. ಎರಡು ಚಮಚ ಒಂದಾಗಿದೆ. ಮುಂದಿನ ತಿಂಗಳು ಶುಗರ್ ಟೆಸ್ಟ್ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಪುಟ್ಟ ಮಗು ಇದ್ದರೆ ಇಂದೇ ಮನೆಯವರಿಗೆ ಇದನ್ನು ಹೇಳಿ. ಅವರ ಭಾಷೆಯಲ್ಲೇ ಹೇಳಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ