ಒಂದೇ ಮನೆಯ ಎರಡು ಟ್ಯೂಬು

ಡೆಂಗಿ ಸೀಸನ್ ಬಂತೆಂದರೆ ನಮ್ಮ ಲ್ಯಾಬಿನ ಕಿಟಕಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆ?" ನೇರಳೆ ಮುಚ್ಚಳದ ಟ್ಯೂಬುಗಳ ನಡುವೆ ಇಪ್ಪತ್ತಮೂರು ವರ್ಷ ಕಳೆದವಳು ನಾನು. ರಿಪೋರ್ಟು ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಪಿಸಿವಿ ಸಾಲಿಗೆ. ರಕ್ತದಲ್ಲಿ ಕೆಂಪುಕಣಗಳ ಪಾಲೆಷ್ಟು ಎಂದು ಹೇಳುವ ಅಂಕಿ ಅದು. ಡೆಂಗಿಯಲ್ಲಿ ಅದು ಸರ್ರನೆ ಏರಿದರೆ ರಕ್ತ ಹೆಚ್ಚಿತೆಂದು ಅರ್ಥವಲ್ಲ. ರಕ್ತನಾಳದ ಗೋಡೆಯಿಂದ ನೀರಿನಂಶ ಆಚೆ ಸೋರಿ, ಒಳಗಿರುವುದು ಬತ್ತಿದ ಸಾರಿನ ಹಾಗೆ ಗಟ್ಟಿಯಾಗಿದೆ ಎಂದು. "ಸದ್ಯ, ಜ್ವರ ಬಿಟ್ಟಿತು" ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ ಇದು ಶುರುವಾಗುವುದು.

ಒಂದು ಮಳೆಗಾಲ ಒಂದೇ ಮನೆಯಿಂದ ಎರಡು ಟ್ಯೂಬು ಬಂದವು. ಹನ್ನೆರಡು ವರ್ಷದ ಅಣ್ಣ, ಒಂಬತ್ತರ ತಂಗಿ. ಅಣ್ಣ ಐದನೇ ದಿನ ಎದ್ದು ಕೂತು ಇಡ್ಲಿ ಕೇಳಿದ. ತಂಗಿಯ ಪಿಸಿವಿ ಬೆಳಿಗ್ಗೆ 37 ಇದ್ದದ್ದು ಸಂಜೆಗೆ 46. ಕೈಕಾಲು ತಣ್ಣಗಾಗಿತ್ತಂತೆ. ಡಾಕ್ಟರು ಡ್ರಿಪ್ ಹಾಕಿ ರಾತ್ರಿಯಿಡೀ ಕಾದರು, ಹುಡುಗಿ ಉಳಿದಳು.

"ಮೇಡಂ, ಇಬ್ರೂ ಒಂದೇ ಹಾಸಿಗೇಲಿ ಮಲಗೋರು. ಒಂದೇ ಸೊಳ್ಳೆ ಕಚ್ಚಿರತ್ತೆ. ಇವಳಿಗ್ಯಾಕೆ ಹಿಂಗಾಯ್ತು?" ಎಂದಳು ತಾಯಿ. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲು ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡೆ. "ಒಬ್ಬೊಬ್ಬರ ಮೈ ಒಂದೊಂದು ಥರ ಅಮ್ಮಾ" ಅಂದೆ. ಜಾರಿಕೊಳ್ಳಲು ಆಡಿದ ಮಾತು. ಆಮೇಲೆ ಓದುತ್ತಾ ಹೋದಾಗ, ಅದರಲ್ಲಿ ನಿಜವೂ ಇತ್ತೆಂದು ತಿಳಿಯಿತು.

ದೊಡ್ಡ ಕಾರಣ ಬೇರೆಯದೇ. ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದ ಮೇಲೆ ಇನ್ನೊಂದು ತಗುಲಿದರೆ, ಹಳೆಯ ಪ್ರತಿಕಾಯಗಳು ಅದನ್ನು ಕೊಲ್ಲಲಾರದೆ, ತಾವೇ ಕೈಹಿಡಿದು ಜೀವಕೋಶದೊಳಕ್ಕೆ ಬಿಟ್ಟುಬರಬಹುದು. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತು, 1981ರಲ್ಲಿ ಎರಡನೆಯದು. 1981ರಲ್ಲಿ 3,44,203 ಮಂದಿಗೆ ಕಾಯಿಲೆ, 158 ಸಾವು. ಸತ್ತವರಲ್ಲಿ 101 ಮಕ್ಕಳು. ಮೊದಲ ಅಲೆ ಕಾಣದ, ಒಂದೆರಡು ವರ್ಷದ ಕೂಸುಗಳು ಬಹುತೇಕ ಪಾರಾದವು. ಆದರೆ ಅಲ್ಲಿನ ವೈದ್ಯರ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿತ್ತು. ಆಫ್ರಿಕಾ ಮೂಲದವರಲ್ಲಿ ಕಾಯಿಲೆ ವಿಕೋಪಕ್ಕೆ ಹೋದದ್ದು ಬಿಳಿಯರಿಗಿಂತ ಕಡಿಮೆ. ವೈರಸ್ಸೂ ಅದೇ, ದ್ವೀಪವೂ ಅದೇ.

ಹೀಗೆ ವಂಶವಾಹಿಯ ಮೇಲೆ ಹುಟ್ಟಿದ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 2011ರಲ್ಲಿ, ವಿಯೆಟ್ನಾಮಿನಲ್ಲಿ. ಡೆಂಗಿ ಶಾಕ್‌ಗೆ, ಅಂದರೆ ಸೋರಿಕೆ ಮಿತಿಮೀರಿ ರಕ್ತದ ಓಟವೇ ಕುಸಿಯುವ ಸ್ಥಿತಿಗೆ, ಬಿದ್ದ 2,008 ಮಕ್ಕಳ ಡಿಎನ್‌ಎಯನ್ನು ಬೇರೆ 2,018 ಜನರದ್ದರ ಪಕ್ಕದಲ್ಲಿಟ್ಟು, ಲಕ್ಷಗಟ್ಟಲೆ ಜಾಗಗಳಲ್ಲಿ ಹೋಲಿಸಿದರು. ಸಿಕ್ಕಿದ್ದನ್ನು ಮತ್ತೆ ಸಾವಿರಾರು ಮಂದಿಯಲ್ಲಿ ಪರೀಕ್ಷಿಸಿದರು. ಎರಡು ಜಾಗ ನಿಂತವು. ಒಂದು, ಎಂಐಸಿಬಿ ಎಂಬ ಜೀನ್. ಸಂಕಟಕ್ಕೆ ಸಿಕ್ಕ ಜೀವಕೋಶ ತನ್ನ ಮೈಮೇಲೆ ಬಾವುಟ ಏರಿಸಿ ರಕ್ಷಣಾ ಕಣಗಳನ್ನು ಕರೆಯುತ್ತದಲ್ಲ, ಆ ಬಾವುಟ ಹೊಲಿಯುವುದು ಇದೇ. ಇನ್ನೊಂದು ಪಿಎಲ್‌ಸಿಇ1. ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈ ಜೀನ್ ತೀರಾ ಕೆಟ್ಟರೆ ಮಕ್ಕಳಿಗೆ ನೆಫ್ರೋಟಿಕ್ ಸಿಂಡ್ರೋಮ್ ಬರುತ್ತದೆ. ಮೂತ್ರಪಿಂಡದ ಜರಡಿಯಿಂದ ಪ್ರೋಟೀನ್ ಸೋರುತ್ತದೆ. ಮುಖ ಊದಿದ ಆ ಮಕ್ಕಳ ಮೂತ್ರದ ಬಾಟಲಿ ಅಲ್ಲಾಡಿಸಿದರೆ ಏಳುವ ನೊರೆ ನನಗೆ ಚೆನ್ನಾಗಿ ಗೊತ್ತು. ಅಲ್ಲೂ ಸೋರಿಕೆ, ಇಲ್ಲೂ ಸೋರಿಕೆ.

ಹಾಗೆಂದು ಹಣೆಬರಹ ಸಿಕ್ಕಿತೆಂದು ಕುಣಿಯಬೇಕಿಲ್ಲ. ಎಂಐಸಿಬಿಯ ಅಪಾಯದ ರೂಪ ಇದ್ದರೆ, ನೂರರಲ್ಲಿ ಮೂವರಿಗೆ ಆಗುವ ಶಾಕ್ ನಾಲ್ವರಿಗೆ ಆದೀತು, ಅಷ್ಟೇ. ಪಿಎಲ್‌ಸಿಇ1ರ ಒಂದು ರೂಪವಂತೂ ಅಪಾಯವನ್ನು ತುಸು ತಗ್ಗಿಸುತ್ತದೆ. "ಡೆಂಗಿಗೆ ಜೀನ್ ಟೆಸ್ಟ್ ಇದೆಯಾ?" ಎಂದು ಯಾರಾದರೂ ಕೇಳಿದರೆ, ಆ ದುಡ್ಡಲ್ಲಿ ದಿನಕ್ಕೆರಡು ಸಲ ಪಿಸಿವಿ ಮಾಡಿಸಿ ಅನ್ನುತ್ತೇನೆ.

ಒಡಹುಟ್ಟಿದವರಲ್ಲಿ ವಂಶವಾಹಿ ಹೊಂದುವುದು ಸರಾಸರಿ ಅರ್ಧದಷ್ಟು ಮಾತ್ರ. ಹಾಸಿಗೆ ಒಂದಾದರೂ ಆ ಅಣ್ಣ ತಂಗಿಯರ ರಕ್ತನಾಳ ಒಂದೇ ಅಲ್ಲ. ಯಾರಿಗೆ ಅದು ಎರಡನೇ ಸಲದ ಡೆಂಗಿಯೋ, ಅದನ್ನೂ ಯಾರೂ ನೋಡಿರಲಿಲ್ಲ.

ಮರುವರ್ಷ ಅಣ್ಣನಿಗೆ ಜ್ವರ ಬಂತು. ಮತ್ತೆ ನೇರಳೆ ಮುಚ್ಚಳ. ಸಂಜೆ ರಿಪೋರ್ಟಿಗೆ ಬಂದ ತಾಯಿ ಕಿಟಕಿಯ ಸರಳು ಹಿಡಿದು ಕೇಳಿದಳು: "ಪಿಸಿವಿ ಎಷ್ಟು ಬಂತು ಮೇಡಂ?"