ಎಪ್ಪತ್ತೈದು ಗುಂಡಿನ ಡಬ್ಬಿ ಯಾರಿಗೆ ಬೇಕು?

ನೀಲಗಿರಿಯ ಕೀಳ್ ಕೋತಗಿರಿ ಕಡೆಯ ಹಟ್ಟಿಗಳ ಹುಡುಗರಿಗೆ ಬಂದೂಕಿನ ಪಾಠ ಹೇಳಲು ಈಗ ಸೈನ್ಯದಿಂದ ನಿವೃತ್ತರಾದ ಮಾವಂದಿರು ಬೇಕಾಗಿಲ್ಲ, ಫೋನೇ ಸಾಕು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು, ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು. ಟಾಮಿ ಗನ್ನಿಗೆ ದೊಡ್ಡ ಮ್ಯಾಗಜೀನ್ ಹಾಕಿದರೆ 50 ಗುಂಡು, ತಟ್ಟೆ ಹೊತ್ತ ರಷ್ಯದ ಡಿಪಿಗೆ 47 ಗುಂಡು ಎಂದು ಹೈಸ್ಕೂಲ್ ಹುಡುಗರು ಮಗ್ಗಿಯಂತೆ ಒಪ್ಪಿಸುತ್ತಾರೆ. ಲೆಕ್ಕ ತಪ್ಪಿಲ್ಲ, ನಿಜವಾದ ಬಂದೂಕುಗಳಿಗೂ ಅಷ್ಟೇ. ಆದರೆ ಆಟದಲ್ಲಿ ಗುಂಡಿಗೆ ಭಾರವಿಲ್ಲ, ಸ್ಪ್ರಿಂಗ್ ಸೋಲುವುದಿಲ್ಲ, ಕೆಸರು ಮೆತ್ತುವುದಿಲ್ಲ. ಹಾಗಾಗಿ ದುಂಡನೆಯ ದೊಡ್ಡ ಡಬ್ಬಿ, ಅಂದರೆ ಡ್ರಮ್, ಸಿಕ್ಕವನೇ ಜಾಣ. ನಿಜವಾಗಿ ಬಂದೂಕು ಹೊತ್ತು ಗುಡ್ಡ ಹತ್ತಿದವರು ನೂರು ವರ್ಷಗಳಲ್ಲಿ ಆರಿಸಿಕೊಂಡದ್ದು ಬೇರೆ.

ಈ ಮಾತು ನೀಲಗಿರಿಗೆ ಹೊರಗಿನದಲ್ಲ. ಕೂನೂರಿನ ಪಕ್ಕದ ಅರವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕಾರ್ಡೈಟ್ ಕಾರ್ಖಾನೆ ಶುರುವಾಯಿತು. ನೈಟ್ರೋಗ್ಲಿಸರಿನ್, ನೈಟ್ರೋಸೆಲ್ಯುಲೋಸ್, ಒಂದಿಷ್ಟು ವ್ಯಾಸಲೀನ್ ಬೆರೆಸಿ ಹುರಿಯಂತೆ ಎಳೆದ ಹೊಗೆರಹಿತ ಮದ್ದೇ ಕಾರ್ಡೈಟ್. ಬ್ರಿಟಿಷರ .303 ತೋಟಾದ ಹೊಟ್ಟೆಯೊಳಗೆ ಇದ್ದದ್ದು ಇದೇ. ಕಾಟೇರಿ ಜಲಪಾತದ ವಿದ್ಯುತ್ತಿನಿಂದ ಯಂತ್ರ ತಿರುಗಿಸಿ ಶುರುವಾದ ಆ ಕಾರ್ಖಾನೆ 2021ರ ಅಕ್ಟೋಬರಿನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕೈಯಲ್ಲಿದೆ. ಅಲ್ಲಿಗೆ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಇದೆ. ಮದ್ದೂ ಇಲ್ಲಿಯದೇ, ಅದನ್ನು ಹಾರಿಸಲು ಕಲಿತವರೂ ಇಲ್ಲಿಯವರೇ. ಊಟಿ ರೈಲಿನ ಕಿಟಕಿಯಿಂದ ಅರವಂಕಾಡು ನಿಲ್ದಾಣದ ಫೋಟೊ ತೆಗೆಯುವ ಪ್ರವಾಸಿಗರಿಗೆ ಇದು ಹೊಳೆಯುವುದು ಕಡಿಮೆ.

ಕಾರ್ಡೈಟ್ ಕಾಲದ ಸಿಪಾಯಿಯ ಕೈಯಲ್ಲಿದ್ದ ಲೀ-ಎನ್‌ಫೀಲ್ಡ್ ರೈಫಲಿನ ಡಬ್ಬಿಯಲ್ಲಿ 10 ಗುಂಡು. ಐದೈದರ ಎರಡು ಪಟ್ಟಿ ಒತ್ತಿದರೆ ತುಂಬುತ್ತಿತ್ತು. ಒಂದು ತುಕಡಿಗೆ ಅದಕ್ಕಿಂತ ಹೆಚ್ಚಿನ ಗುಂಡಿನ ಮಳೆ ಬೇಕಾದಾಗ ಬಂದದ್ದು ಲೂಯಿಸ್ ಗನ್, ಅದರ ತಲೆಯ ಮೇಲೆ 47 ಗುಂಡಿನ ತಟ್ಟೆ. ವಿಮಾನಗಳಿಗಾಗಿ 97ರ ತಟ್ಟೆಯೂ ಇತ್ತು. ತಟ್ಟೆಯೊಳಗೆ ಸ್ಪ್ರಿಂಗ್ ಇರಲಿಲ್ಲ. ಬಂದೂಕಿನ ಬೋಲ್ಟ್ ಹಿಂದೆ ಮುಂದೆ ಓಡುವಾಗ ಅದೇ ತಟ್ಟೆಯನ್ನು ತಿರುಗಿಸುತ್ತಿತ್ತು. ಜಾಣತನದ ಕೆಲಸವೇ. ಆದರೆ ತಟ್ಟೆಯ ತಳ ತೆರೆದೇ ಇರುತ್ತಿದ್ದುದರಿಂದ ಧೂಳು, ಕೆಸರು ನೇರವಾಗಿ ಗುಂಡಿನ ಮೇಲೆ ಕೂರುತ್ತಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದರ ಜಾಗಕ್ಕೆ ಬಂದ ವಿಕರ್ಸ್-ಬರ್ತಿಯೇ, ಬ್ರೆನ್ ಎರಡೂ 30 ಗುಂಡಿನ ಬಾಗಿದ ಡಬ್ಬಿಯವು. ತೋಟಾದ ಬುಡದಲ್ಲಿ ಅಂಚು ಇದ್ದುದರಿಂದ ಡಬ್ಬಿ ಬಾಗಲೇಬೇಕಿತ್ತು. ಆ 30ರ ಡಬ್ಬಿಗೂ ಅನುಭವಸ್ಥರು 28 ಗುಂಡು ಹಾಕಿ ನಿಲ್ಲಿಸುತ್ತಿದ್ದರು, ತುಂಬಿ ತುಳುಕಿಸಿದರೆ ಸಿಕ್ಕಿಕೊಳ್ಳುವ ಭಯ. ಇರುವ ಜಾಗವನ್ನೂ ಪೂರ್ತಿ ತುಂಬದೆ ಬಿಟ್ಟ ಈ ಎರಡು ಗುಂಡಿನ ವಿವೇಕ ಡ್ರಮ್ಮಿನ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಟಾಮಿ ಗನ್ನಿನ ಕಥೆಯೂ ಹಾಗೇ. ಸಿನಿಮಾದ ಗೂಂಡಾಗಳ ಕೈಯಲ್ಲಿ ಅದು ಡ್ರಮ್ಮಿಲ್ಲದೆ ಕಾಣಿಸಿಕೊಂಡರೆ ಗುರುತೇ ಸಿಗುವುದಿಲ್ಲ. 50 ಗುಂಡಿನದು, 100 ಗುಂಡಿನದು ಎರಡೂ ಇದ್ದವು. ಗಡಿಯಾರಕ್ಕೆ ಕೀ ಕೊಡುವಂತೆ ಸ್ಪ್ರಿಂಗ್ ಸುತ್ತಬೇಕು. 1940ರ ಸುಮಾರಿಗೆ ಬ್ರಿಟಿಷ್ ಸೈನಿಕರಿಗೆ ಅದು ಸಿಕ್ಕಾಗ ಮೊದಲು ಬೇಸರ ತರಿಸಿದ್ದು ಅದರ ಸದ್ದು. ನಡೆದಾಗಲೆಲ್ಲ ಒಳಗಿನ ಗುಂಡುಗಳು ಗಲಗಲ ಎನ್ನುತ್ತಿದ್ದವು. ಕತ್ತಲಲ್ಲಿ ಗಸ್ತು ಹೋಗುವವನಿಗೆ ಇದಕ್ಕಿಂತ ದೊಡ್ಡ ಶತ್ರು ಬೇಕೇ? ಅವರು 20, 30 ಗುಂಡಿನ ನೇರ ಡಬ್ಬಿಗೆ ಬಂದರು. 1942ರಲ್ಲಿ ಬಂದ ಅಮೆರಿಕದ ಸರಳಗೊಳಿಸಿದ ಮಾದರಿಗೆ ಡ್ರಮ್ ಹಾಕಲು ಜಾಗವನ್ನೇ ಇಡಲಿಲ್ಲ. ಬರ್ಮಾದ ಕಾಡಿನಲ್ಲಿ ಭಾರತೀಯ ಸಿಪಾಯಿಗಳೂ ಟಾಮಿ ಗನ್ ಹಿಡಿದು ಹೋರಾಡಿದರು. ರಷ್ಯನ್ನರ ಪಿಪಿಎಸ್‌ಎಚ್-41ಕ್ಕೆ 71 ಗುಂಡಿನ ಡ್ರಮ್ ಇತ್ತು. ಒಂದು ಬಂದೂಕಿನ ಡ್ರಮ್ ಇನ್ನೊಂದಕ್ಕೆ ಸರಿಯಾಗಿ ಕೂರದ ತಲೆನೋವು ಬೇರೆ. ಯುದ್ಧದ ನಡುವೆಯೇ ಅವರೂ 35 ಗುಂಡಿನ ಬಾಗಿದ ಡಬ್ಬಿ ತಂದರು.

ಹಾಗಾದರೆ ಡ್ರಮ್ ಬರೀ ಆಡಂಬರವೇ? ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಎಕೆ ಮಾದರಿಯನ್ನೇ ತಕ್ಕಡಿಗೆ ಹಾಕೋಣ. ಅದರ ಒಂದು ತೋಟಾ ಸುಮಾರು 16 ಗ್ರಾಂ. 30 ಗುಂಡು ತುಂಬಿದ ಉಕ್ಕಿನ ಡಬ್ಬಿ ಸುಮಾರು 800 ಗ್ರಾಂ. ಅದರ ದೊಡ್ಡಣ್ಣ ಆರ್‌ಪಿಕೆಯ 75 ಗುಂಡಿನ ಡ್ರಮ್ ತುಂಬಿದಾಗ ಎರಡು ಕೆಜಿ ದಾಟುತ್ತದೆ. ಗುಂಡಿಗೆ ಇಷ್ಟು ತೂಕ ಎಂದು ಭಾಗಿಸಿ ನೋಡಿದರೆ ಎರಡೂ ಹತ್ತಿರ ಹತ್ತಿರ ಒಂದೇ. ಹಾಗಾದರೆ ಡ್ರಮ್ ಭಾರ ಎಂಬ ದೂರು ಯಾಕೆ? ಆ ಭಾರ ಎಲ್ಲಿ ತೂಗುತ್ತದೆ ಎಂಬುದರಲ್ಲಿ ಉತ್ತರವಿದೆ. ಮೂರು ಡಬ್ಬಿಗಳಲ್ಲಿ ಎರಡು ಸೊಂಟದ ಚೀಲದಲ್ಲಿ ಚಪ್ಪಟೆಯಾಗಿ ಕೂರುತ್ತವೆ, ಒಂದು ಮಾತ್ರ ಬಂದೂಕಿನಲ್ಲಿ. ಡ್ರಮ್ಮಿನ ಭಾರವೆಲ್ಲ ಬಂದೂಕಿಗೇ ಜೋತುಬೀಳುತ್ತದೆ, ಕೈ ಸೋಲುತ್ತದೆ. ಕೊಡನಾಡಿನ ಅಂಚಿನಿಂದ ಮೋಯಾರ್ ಕಣಿವೆಗೆ ಇಳಿದು ಹತ್ತಿದವರಿಗೆ ಒಂದು ಕೆಜಿಯ ವ್ಯತ್ಯಾಸ ಎಷ್ಟೆಂದು ಹೇಳಬೇಕಿಲ್ಲ. ಇನ್ನೊಂದು ಲೆಕ್ಕ ಇದಕ್ಕಿಂತ ಕಟ್ಟುನಿಟ್ಟಿನದು: ಡಬ್ಬಿ ಕೈಕೊಟ್ಟರೆ 30 ಗುಂಡು ನಷ್ಟ, ಬಿಸಾಕಿ ಇನ್ನೊಂದು ಸಿಕ್ಕಿಸಬಹುದು. ಡ್ರಮ್ ಕೈಕೊಟ್ಟರೆ 75ಕ್ಕೆ 75ರೂ ಹೋಯಿತು.

ಕೈಕೊಡುವುದು ಡ್ರಮ್ಮಿಗೆ ಹೆಚ್ಚೇ. ನೇರ ಡಬ್ಬಿಯಲ್ಲಿ ಗುಂಡು ಒಂದೇ ದಿಕ್ಕಿಗೆ ಏರಿದರೆ ಸಾಕು. ಡ್ರಮ್ಮಿನಲ್ಲಿ ಅದು ಸುತ್ತುಹಾಕಿ ಬಂದು, ತಿರುವಿನಲ್ಲಿ ಸಾಲು ತಪ್ಪದೆ ಬಾಯಿಗೆ ಏರಬೇಕು. ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಸ್ಪ್ರಿಂಗಿನ ಒತ್ತಡ ಒಂದೇ ಇರುವುದಿಲ್ಲ. ಎಕೆ ಮಾದರಿಯ ರಷ್ಯದ ಡ್ರಮ್ಮಿಗೆ ಸನ್ನೆ ಒತ್ತುತ್ತ ಬಾಯಿಯಿಂದಲೇ ಒಂದೊಂದಾಗಿ ಗುಂಡು ತುಂಬಬೇಕು, ಸಮಾಧಾನ ಬೇಡುವ ಕೆಲಸ. ಚೀನಾದ್ದು ಬೆನ್ನ ಮುಚ್ಚಳ ತೆರೆದು ಜೋಡಿಸಿ, ಆಮೇಲೆ ಸ್ಪ್ರಿಂಗ್ ಸುತ್ತುವಂಥದು. ತುಂಬಿಟ್ಟೂ ಸ್ಪ್ರಿಂಗ್ ಸಡಿಲವಾಗಿಡಬಹುದು ಎಂಬುದು ಅದರ ಅನುಕೂಲ. ಎರಡರಲ್ಲಿ ಒಂದನ್ನು ಹೊಗಳು ಎಂದರೆ ನನ್ನ ಮತ ಎರಡನೆಯದಕ್ಕೆ. ಬೀಟಾ ಎಂಬ ಅಮೆರಿಕದ ಕಂಪನಿಯ 100 ಗುಂಡಿನ ಜೋಡಿ ಡ್ರಮ್ ಎಡಬಲಕ್ಕೆ ಹರಡಿಕೊಂಡಿರುವುದರಿಂದ ನೆಲಕ್ಕೆ ಒರಗಿ ಹಾರಿಸುವವನಿಗೆ ಉದ್ದದ ಡಬ್ಬಿಯಂತೆ ನೆಲ ತಾಗಿ ಅಡ್ಡಿಯಾಗುವುದಿಲ್ಲ. ಆದರೆ ಕೊನೆಯ ಗುಂಡುಗಳನ್ನು ತಳ್ಳಲು ಅದಕ್ಕೆ ಹುಸಿ ಗುಂಡುಗಳ ಸರಪಳಿಯೇ ಬೇಕು.

ಬ್ಯಾರೆಲ್ಲಿನ ಮಾತು ಬಿಟ್ಟರೆ ಲೆಕ್ಕ ಅರ್ಧವಾಗುತ್ತದೆ. ನಿಮಿಷಕ್ಕೆ 600 ಗುಂಡಿನ ವೇಗದಲ್ಲಿ 75 ಗುಂಡು ಖಾಲಿಯಾಗಲು ಏಳೂವರೆ ಸೆಕೆಂಡು. ಹಾಗೆ ಡ್ರಮ್ಮಿನ ಮೇಲೆ ಡ್ರಮ್ ಖಾಲಿ ಮಾಡಿದರೆ ಮಾಮೂಲಿ ರೈಫಲಿನ ತೆಳು ಬ್ಯಾರೆಲ್ ತಡೆಯುವುದಿಲ್ಲ. ಅದಕ್ಕೇ ಆರ್‌ಪಿಕೆಗೆ ದಪ್ಪ ಬ್ಯಾರೆಲ್, ಬ್ರೆನ್‌ಗೆ ಬದಲಿಸಬಹುದಾದ ಬ್ಯಾರೆಲ್. ಸತತವಾಗಿ ಗುಂಡು ಹಾರಿಸುವ ಅಗತ್ಯ ನಿಜವಾಗಿ ಇರುವವರು ಡ್ರಮ್ಮಿನ ಆಚೆಗೇ ಹೋಗಿದ್ದಾರೆ. 2020ರ ಮಾರ್ಚಿನಲ್ಲಿ ನಮ್ಮ ರಕ್ಷಣಾ ಸಚಿವಾಲಯ ಇಸ್ರೇಲಿನ 16,479 ನೆಗೆವ್ ಲಘು ಮೆಷಿನ್ ಗನ್ನುಗಳಿಗೆ ಒಪ್ಪಂದ ಮಾಡಿಕೊಂಡಿತು. ಅವು ಪಟ್ಟಿಯಿಂದ ಗುಂಡು ಎಳೆದುಕೊಳ್ಳುವಂಥವು. ಇನ್ಸಾಸ್ ರೈಫಲಿಗೆ ಮಾತ್ರ 20 ಗುಂಡಿನ ಡಬ್ಬಿ. ಆ ಪ್ಲಾಸ್ಟಿಕ್ ಡಬ್ಬಿಯೂ ಕಾರ್ಗಿಲ್ಲಿನ ಚಳಿಗೆ ಬಿರುಕು ಬಿಟ್ಟಿತೆಂಬ ದೂರು ಬಂತು ಎಂದಮೇಲೆ, ಹತ್ತಾರು ಬಿಡಿಭಾಗಗಳ ಡ್ರಮ್ಮಿನ ಪಾಡೇನು?

ಅಮೆರಿಕದಲ್ಲಿ ಮಾತ್ರ ಡ್ರಮ್ ಅಂಗಡಿ ಸರಕು. 2012ರಲ್ಲಿ ಕೊಲರಾಡೊದ ಅರೋರಾ ಚಿತ್ರಮಂದಿರದಲ್ಲಿ ಗುಂಡು ಹಾರಿಸಿದವನ ಬಳಿ 100 ಗುಂಡಿನ ಡ್ರಮ್ ಇತ್ತು. ಅದು ಸಿಕ್ಕಿಹಾಕಿಕೊಂಡದ್ದರಿಂದ ಕೆಲವರ ಪ್ರಾಣ ಉಳಿಯಿತು. 2019ರಲ್ಲಿ ಓಹಾಯೊದ ಡೇಟನ್ನಿನಲ್ಲಿ ಅಂಥದೇ ಡ್ರಮ್ ಸಿಕ್ಕಿಕೊಳ್ಳಲಿಲ್ಲ. ಅರ್ಧ ನಿಮಿಷದಲ್ಲಿ ಒಂಬತ್ತು ಜನ ಸತ್ತರು. ಸೈನಿಕರು ಬೇಡವೆಂದು ಬಿಟ್ಟ ವಸ್ತು ಜನಜಂಗುಳಿಯ ಮೇಲೆ ಕೈ ಮಾಡುವವನಿಗೆ ಪ್ರಿಯವಾದದ್ದೇಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವನು ಗುಡ್ಡ ಹತ್ತಬೇಕಿಲ್ಲ, ನಾಳೆಗೆ ಗುಂಡು ಉಳಿಸಬೇಕಿಲ್ಲ.

ನಮ್ಮಲ್ಲಿ ಆ ಬಾಗಿಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಮುಚ್ಚಿದೆ. ಕುದುರೆ ಒತ್ತಿ ಹಿಡಿದಷ್ಟು ಹೊತ್ತು, ಅಥವಾ ಮ್ಯಾಗಜೀನ್ ಖಾಲಿಯಾಗುವ ತನಕ ಗುಂಡು ಹಾರುತ್ತಲೇ ಇರುವ ಬಂದೂಕನ್ನು ಅದು ನಿಷೇಧಿತ ಆಯುಧ ಎನ್ನುತ್ತದೆ. ಜನಸಾಮಾನ್ಯರಿಗೆಂದು ಇಛಾಪುರದ ಕಾರ್ಖಾನೆ ಮಾಡುವ .315 ರೈಫಲಿನ ಡಬ್ಬಿಯಲ್ಲಿ ಐದೇ ಗುಂಡು. ಸೈನ್ಯದ .303 ಗುಂಡು ಊರವರ ಕೈಗೆ ಸಿಗಬಾರದೆಂದೇ ಬಳಕೆಗೆ ತಂದ ಅಳತೆ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಕೈಲ್‌ಪೊಳ್ದ್ ದಿನ ಪೂಜೆಗಿಡುವ ಆ ಕೋವಿಗಳ ಸಾಲಿನಲ್ಲಿ ಡ್ರಮ್ಮಿಗೆ ಜಾಗವಿಲ್ಲ. ಕೀಳ್ ಕೋತಗಿರಿಯ ರೈತನ ಕಷ್ಟ ಬೇರೆ ಥರದ್ದು. ಕ್ಯಾರೆಟ್, ಬೀಟ್‌ರೂಟ್ ಹೊಲಕ್ಕೆ ಕಾಡುಹಂದಿ, ಚಹಾ ತೋಟದ ದಾರಿಗೆ ಕಾಟಿ. ಬೆಳೆ ಕಾಯಲೆಂದೇ ಪ್ರತ್ಯೇಕ ಪರವಾನಗಿ ಕೇಳಲು ನಿಯಮದಲ್ಲಿ ಅವಕಾಶವಿದೆ, ಅರ್ಜಿ ಹೋಗಬೇಕಾದ್ದು ಊಟಿಯ ಜಿಲ್ಲಾಧಿಕಾರಿಗೆ. ಹಾಗೆ ಪರವಾನಗಿ ಸಿಕ್ಕರೂ ಪ್ರಾಣಿಯನ್ನು ಕೊಲ್ಲಲು ಒಪ್ಪಿಗೆ ಸಿಕ್ಕಂತಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಗದ್ದಲ ಮಾಡಿ ಓಡಿಸುವ ಕೆಲಸಕ್ಕೆ ಒಂಟಿ ನಳಿಗೆಯ ತೋಟಾ ಕೋವಿಯೇ ಹೆಚ್ಚಾಯಿತು. ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದೂ ಪರವಾನಗಿಯ ಪುಸ್ತಕದಲ್ಲೇ ಬರೆದಿರುತ್ತದೆ. ಚುನಾವಣೆ ಬಂದರೆ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಾಗಬಹುದು.

ಫೋನಿನಲ್ಲಿ ಡ್ರಮ್ ನೋಡಿ ಮರುಳಾದ ಹುಡುಗರ ಮನೆಯವರಿಗೆ ಒಂದು ಮಾತು. ಬಂದೂಕಿನ ಬಿಡಿಭಾಗವನ್ನೂ ನಮ್ಮ ಕಾಯ್ದೆ ಬಂದೂಕೆಂದೇ ಎಣಿಸುತ್ತದೆ. ಬರೀ ಡಬ್ಬಿ ತಾನೇ, ಶೋಕೇಸಿನಲ್ಲಿ ಇಡೋಣ ಎಂದು ಯಾರಾದರೂ ವಿದೇಶದಿಂದ ತರಿಸಿಕೊಡುತ್ತೇನೆಂದರೆ ಒಪ್ಪಬೇಡಿ. ನಿಷೇಧಿತ ಆಯುಧ ಇಟ್ಟುಕೊಂಡ ಅಪರಾಧಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಏಳು ವರ್ಷ.